ಯೂರೋವಿಷನ್‌ಗೆ ಯಾರನ್ನು ಕಳಿಸಬೇಕು? ಜನರ ವೋಟು, ಮುಚ್ಚಿದ ಕೋಣೆ, ನಡುವಿನ ದಾರಿ: ಒಂದು ಹೋಲಿಕೆ

ಯೂರೋವಿಷನ್ ಅಂದರೆ ಯುರೋಪಿನ ದೇಶಗಳ ನಡುವೆ ವರ್ಷಕ್ಕೊಮ್ಮೆ ನಡೆಯುವ ಹಾಡಿನ ಸ್ಪರ್ಧೆ. 2012ರಲ್ಲಿ ಅದಕ್ಕೆ ಯಾರು ಹೋಗಬೇಕು ಅಂತ ಆಸ್ಟ್ರಿಯಾದಲ್ಲಿ ಟಿವಿ ಸ್ಪರ್ಧೆ ನಡೆಯಿತು. ಕೊನೆಗೆ ಎರಡೇ ಹೆಸರು ಉಳಿದವು. ಒಂದು, ಟ್ರ್ಯಾಕ್‌ಶಿಟಾಸ್ ಅನ್ನುವ ರ‍್ಯಾಪ್ ಜೋಡಿ. ಇನ್ನೊಂದು, ಗಡ್ಡ ಬಿಟ್ಟು ಗೌನು ತೊಟ್ಟು ಹಾಡುವ ಕೊಂಚೀಟಾ ವುರ್ಸ್ಟ್. ಜನ ವೋಟು ಹಾಕಿದರು. ಜೋಡಿಗೆ ಶೇಕಡ 51, ಕೊಂಚೀಟಾಗೆ ಶೇಕಡ 49. ಗೆದ್ದ ಜೋಡಿ ಆ ವರ್ಷ ಯೂರೋವಿಷನ್ ನಡೆದ ಬಾಕು ನಗರಕ್ಕೆ ಹೋಗಿ ತನ್ನ ಸೆಮಿಫೈನಲ್‌ನಲ್ಲಿ ಕಟ್ಟಕಡೆಯ ಸ್ಥಾನ ಪಡೆದು ವಾಪಸ್ ಬಂತು.

2014ರ ಸ್ಪರ್ಧೆಗೆ ಆಸ್ಟ್ರಿಯಾದ ಟಿವಿ ಸಂಸ್ಥೆ ಓಆರ್‌ಎಫ್ ಜನರನ್ನು ಕೇಳಲೇ ಇಲ್ಲ. ಕೊಂಚೀಟಾ ಹೋಗುತ್ತಾರೆ ಅಂತ ತಾನೇ ಹೇಳಿಬಿಟ್ಟಿತು. ದೇಶದೊಳಗೆ ದೊಡ್ಡ ಗಲಾಟೆ ಆಯಿತು. ಕೋಪನ್‌ಹೇಗನ್‌ನಲ್ಲಿ ಮಾತ್ರ ಕೊಂಚೀಟಾ 290 ಅಂಕ ತೆಗೆದು ಗೆದ್ದರು. 1966ರ ನಂತರ ಆಸ್ಟ್ರಿಯಾ ಕಂಡ ಮೊದಲ ಗೆಲುವು ಅದು.

ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ ಇರಬೇಕು. ಹಾಗಂತ ಈ ಕಥೆಯಿಂದ ‘ಜನರನ್ನು ಕೇಳಬಾರದು’ ಅನ್ನುವ ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತದೆ. ಜನರನ್ನು ಕೇಳಿಯೇ ಏಳು ಸಲ ಗೆದ್ದ ದೇಶವಿದೆ. ಜನರನ್ನು ಕೇಳದೆ ಸೊನ್ನೆ ಅಂಕ ತಂದ ದೇಶವೂ ಇದೆ. ಒಂದು ದೇಶದ ಟಿವಿ ಸಂಸ್ಥೆಯ ಜಾಗದಲ್ಲಿ ನೀವೇ ಕೂತಿದ್ದೀರಿ ಅಂದುಕೊಳ್ಳಿ. ಮುಂದಿನ ಮೇ ತಿಂಗಳಿಗೆ ಒಬ್ಬರನ್ನು ಕಳಿಸಬೇಕು. ಯಾವ ದಾರಿ ಹಿಡಿಯುತ್ತೀರಿ?

ಮೊದಲು ಕಣಕ್ಕೆ ಇಳಿಯುವ ಷರತ್ತುಗಳು

ಯೂರೋವಿಷನ್ ನಡೆಸುವುದು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್, ಅಂದರೆ ಇಬಿಯು. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ 7 ದೇಶಗಳೊಂದಿಗೆ ಸ್ಪರ್ಧೆ ಶುರುವಾಯಿತು. ದೇಶದ ಹೆಸರಿನಲ್ಲಿ ಕಣಕ್ಕೆ ಇಳಿಯುವುದು ಅಲ್ಲಿನ ಟಿವಿ ಸಂಸ್ಥೆ. ಸ್ವೀಡನ್‌ಗೆ ಎಸ್‌ವಿಟಿ, ಇಟಲಿಗೆ ರಾಯ್, ಬ್ರಿಟನ್ನಿಗೆ ಬಿಬಿಸಿ. ಬೆಲ್ಜಿಯಂನಲ್ಲಿ ಎರಡು ಭಾಷೆಗಳ ಎರಡು ಸಂಸ್ಥೆಗಳಿವೆ. ಒಂದು ವರ್ಷ ಡಚ್ ಭಾಷೆಯ ವಿಆರ್‌ಟಿ, ಮರುವರ್ಷ ಫ್ರೆಂಚ್ ಭಾಷೆಯ ಆರ್‌ಟಿಬಿಎಫ್ ಸರದಿಯಂತೆ ಆರಿಸುತ್ತವೆ. ಇಬ್ಬರ ಪದ್ಧತಿಯೂ ಬೇರೆ ಬೇರೆ.

ಯಾರನ್ನು, ಹೇಗೆ ಆರಿಸಬೇಕು ಅನ್ನುವುದನ್ನು ಇಬಿಯು ಆಯಾ ಸಂಸ್ಥೆಗೇ ಬಿಟ್ಟಿದೆ. ಗಾಯಕರು ಅದೇ ದೇಶದವರಾಗಿರಬೇಕು ಅಂತಲೂ ಇಲ್ಲ. ಕೆನಡಾದ ಸೆಲೀನ್ ಡಿಯೋನ್ 1988ರಲ್ಲಿ ಗೆದ್ದದ್ದು ಸ್ವಿಟ್ಜರ್ಲೆಂಡಿನ ಪರವಾಗಿ. ಹಾಡಿನ ವಿಷಯದಲ್ಲಿ ಮಾತ್ರ ನಿಯಮಗಳು ಬಿಗಿ. 3 ನಿಮಿಷ ಮೀರುವಂತಿಲ್ಲ. ವೇದಿಕೆ ಮೇಲೆ 6 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ಮುಖ್ಯ ದನಿ ಅಲ್ಲೇ, ಆಗಲೇ ಹಾಡಬೇಕು. ಹಾಡುವವರಿಗೆ 16 ತುಂಬಿರಬೇಕು. ಹಿಂದಿನ ವರ್ಷದ ಸೆಪ್ಟೆಂಬರ್ 1ಕ್ಕಿಂತ ಮೊದಲು ಹಾಡು ಮಾರುಕಟ್ಟೆಗೆ ಬಂದಿರಬಾರದು. ಮಾರ್ಚ್ ಮಧ್ಯದ ಹೊತ್ತಿಗೆ ಎಲ್ಲವನ್ನೂ ಒಪ್ಪಿಸಬೇಕು. ಅಂದರೆ ಆಯ್ಕೆಗೆ ಸಿಗುವುದು ಆರು ತಿಂಗಳ ಆಸುಪಾಸು.

ಇನ್ನೊಂದು ನಿಯಮವಿದೆ. ನನ್ನ ಪ್ರಕಾರ ಆಯ್ಕೆಯ ಇಡೀ ಪ್ರಶ್ನೆ ನಿಂತಿರುವುದು ಅದರ ಮೇಲೆಯೇ. ಫೈನಲ್‌ನಲ್ಲಿ ಅರ್ಧ ಅಂಕ ಬೇರೆ ಬೇರೆ ದೇಶಗಳ ಜ್ಯೂರಿಗಳದ್ದು, ಉಳಿದರ್ಧ ಜನರ ವೋಟಿನದ್ದು. ಆದರೆ ನಿಮ್ಮ ದೇಶದವರು ನಿಮ್ಮ ಹಾಡಿಗೆ ವೋಟು ಹಾಕುವಂತಿಲ್ಲ. ಮನೆಯವರು ಆರಿಸಿ ಕಳಿಸುತ್ತಾರೆ, ಅಂಕ ಕೊಡುವವರು ಪರರು. ಗಾಯಕರು ನಿಮ್ಮಲ್ಲಿ ಎಷ್ಟು ಹೆಸರುವಾಸಿ, ಮಾತಿನ ಯಾವ ಚಮತ್ಕಾರಕ್ಕೆ ನಿಮ್ಮವರು ನಗುತ್ತಾರೆ, ಇದೊಂದೂ ಅಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಅವರು ಆ ಹಾಡನ್ನು ಕೇಳುವುದು ಬಹುಮಟ್ಟಿಗೆ ಅದೇ ಮೊದಲ ಸಲ, ಅದೂ ಮೂರೇ ನಿಮಿಷ.

ಅದಕ್ಕೇ ಯಾವ ಪದ್ಧತಿಯನ್ನು ನೋಡಿದರೂ ನಾನು ಕೇಳುವುದು ಎರಡು ಪ್ರಶ್ನೆ. ಹಾಡು ಹೊರಡುವ ಮೊದಲು ಅದನ್ನು ಹೊರಗಿನ ಕಿವಿ ಕೇಳಿದೆಯಾ? ಗಾಯಕರು ಇಂಥ ವೇದಿಕೆಯಲ್ಲಿ ಒಮ್ಮೆಯಾದರೂ ನಿಂತು ಹಾಡಿ ತೋರಿಸಿದ್ದಾರಾ?

ಹಬ್ಬದಂಥ ಸ್ಪರ್ಧೆ: ಸ್ವೀಡನ್ ಮತ್ತು ಇಟಲಿ

ಸ್ವೀಡನ್ನಿನ ಮೆಲೊಡಿಫೆಸ್ಟಿವಾಲೆನ್ ಬಗ್ಗೆ ನಾನು ಎಷ್ಟು ಬರೆದರೂ ಕಡಿಮೆಯೇ. 2002ರಿಂದ ಇದು ಊರೂರು ಸುತ್ತುವ ಸ್ಪರ್ಧೆಯಾಗಿದೆ. ವಾರಕ್ಕೊಂದು ಊರು, ಶನಿವಾರ ರಾತ್ರಿ ಪ್ರಸಾರ, ಹೀಗೆ ಆರು ವಾರ. ಕೊನೆಗೆ ಸ್ಟಾಕ್‌ಹೋಮ್ ಪಕ್ಕದ ದೊಡ್ಡ ಕ್ರೀಡಾಂಗಣದಲ್ಲಿ ಫೈನಲ್. ಬರುವ ಸಾವಿರಾರು ಹಾಡುಗಳಲ್ಲಿ ವೇದಿಕೆ ಹತ್ತುವುದು ಸುಮಾರು 30.

ಇದರ ಬಲ ಹಾಡುಗಳ ರಾಶಿಯಲ್ಲಿ ಮಾತ್ರ ಇಲ್ಲ. ಇಲ್ಲಿ ಹಾಡು ಪೂರ್ತಿ ತಯಾರಾಗಿಯೇ ಬರುತ್ತದೆ. ಬೆಳಕು, ಕ್ಯಾಮೆರಾ, ಕುಣಿತ, ಬಟ್ಟೆ, ಎಲ್ಲ ನಿಗದಿ. ಸಾವಿರಾರು ಜನರ ಎದುರು, ನೇರ ಪ್ರಸಾರದಲ್ಲಿ, ಒಂದೇ ಅವಕಾಶದಲ್ಲಿ ಹಾಡಿ ಗೆದ್ದವರು ಮೇ ತಿಂಗಳಲ್ಲಿ ಮಾಡಬೇಕಾದದ್ದು ಅದನ್ನೇ ಮತ್ತೊಮ್ಮೆ. ಲೋರೀನ್ 2012ರಲ್ಲಿ ಗೆದ್ದಾಗ ಆ ಕತ್ತಲು, ಆ ನಕಲಿ ಹಿಮ, ಆ ಬರಿಗಾಲ ಕುಣಿತ ಎಲ್ಲವೂ ಮನೆಯಲ್ಲೇ ಹದಗೊಂಡು ಬಂದಿತ್ತು.

ಇದು ಶಾಲೆಯೂ ಹೌದು. ಲೋರೀನ್ 2011ರಲ್ಲಿ ಇದೇ ಸ್ಪರ್ಧೆಯಲ್ಲಿ ಸೋತಿದ್ದರು. ಮರುವರ್ಷ ಗೆದ್ದರು, 2023ರಲ್ಲಿ ಮತ್ತೆ ಗೆದ್ದರು. ಆಬಾ ತಂಡದವರು 1973ರಲ್ಲಿ ಇಲ್ಲಿ ಮೂರನೆಯವರಾಗಿದ್ದರು. 1974ರಲ್ಲಿ ಇಲ್ಲೂ ಗೆದ್ದರು, ಯೂರೋವಿಷನ್ ನಡೆದ ಬ್ರೈಟನ್ನಿನಲ್ಲೂ ಗೆದ್ದರು. ಸೋತವರು ಮತ್ತೆ ಬರಬಹುದಾದ ಜಾಗ ದೇಶದೊಳಗೇ ಇದ್ದರೆ ಎಷ್ಟು ಅನುಕೂಲ, ಅಲ್ವಾ!

ಆದರೆ ಸ್ವೀಡನ್ನೂ ಒಮ್ಮೆ ಎಡವಿದೆ. 2010ರಲ್ಲಿ ಅದು ಫೈನಲ್ ಮುಟ್ಟಲೇ ಇಲ್ಲ. 2011ರಿಂದ ಎಸ್‌ವಿಟಿ ತನ್ನ ಫೈನಲ್‌ನ ಜ್ಯೂರಿಗಳನ್ನೆಲ್ಲ ಹೊರದೇಶಗಳಿಂದಲೇ ಕರೆಸಿತು. ಅರ್ಧ ಮಾತು ಸ್ವೀಡನ್ ಜನರದ್ದು, ಅರ್ಧ ಪರದೇಶದವರದ್ದು. ಯೂರೋವಿಷನ್‌ನಲ್ಲಿ ಆಗುವುದನ್ನೇ ಮನೆಯಲ್ಲಿ ಮೊದಲು ನಡೆಸಿ ನೋಡಿದ ಹಾಗೆ. ಅದೇ ವರ್ಷ ಮೂರನೇ ಸ್ಥಾನ, ಮರುವರ್ಷ ಗೆಲುವು, 2015ರಲ್ಲಿ ಮೋನ್ಸ್ ಸೆಲ್ಮರ್ಲೊವ್ ಅವರಿಂದ ಇನ್ನೊಂದು. ಈಗ ಸ್ವೀಡನ್ನಿನ ಲೆಕ್ಕ 7 ಗೆಲುವು. ಅಷ್ಟೇ ಗೆಲುವು ಇರುವುದು ಐರ್ಲೆಂಡಿಗೆ ಮಾತ್ರ.

ಹೊರಗಿನ ಜ್ಯೂರಿ ಬಂದರೆ ಜನರ ಮಾತು ಸತ್ತುಹೋಗುತ್ತದೆ ಅನ್ನುವವರಿಗೆ 2025ರ ಉದಾಹರಣೆ ಕೊಡುತ್ತೇನೆ. ಆ ವರ್ಷ ಮೋನ್ಸ್ ಮತ್ತೆ ಕಣಕ್ಕಿಳಿದಿದ್ದರು. ಅವರನ್ನು ಸೋಲಿಸಿದ್ದು ಕಾಯ್ ಅನ್ನುವ ಮೂವರ ತಂಡ. ಫಿನ್‌ಲೆಂಡಿನಲ್ಲಿ ಸ್ವೀಡಿಷ್ ಮಾತಾಡುವ ಈ ಮೂವರು ಹಾಡಿದ್ದು ಸೌನಾ ಸ್ನಾನದ ಬಗ್ಗೆ, ತಮ್ಮ ಕಡೆಯ ಆಡುಮಾತಿನಲ್ಲಿ. ಬಾಸೆಲ್‌ನಲ್ಲಿ ಅವರಿಗೆ ನಾಲ್ಕನೇ ಸ್ಥಾನ ಸಿಕ್ಕಿತು.

ಇಟಲಿಯ ಸಾನ್‌ರೆಮೊ ಇದಕ್ಕಿಂತ ಹಳೆಯದು. 1951ರಲ್ಲಿ ಶುರುವಾದ ಈ ಹಾಡಿನ ಹಬ್ಬವೇ ಯೂರೋವಿಷನ್‌ಗೆ ಮಾದರಿ. ಅರಿಸ್ಟನ್ ಥಿಯೇಟರಿನಲ್ಲಿ ಐದು ರಾತ್ರಿ, ಎದುರಿಗೆ ದೊಡ್ಡ ವಾದ್ಯವೃಂದ, ಇಡೀ ದೇಶವೇ ಟಿವಿ ಮುಂದೆ. ಯೂರೋವಿಷನ್ ಇಲ್ಲಿ ಗುರಿಯಲ್ಲ. ಸಾನ್‌ರೆಮೊ ಗೆಲ್ಲುವುದೇ ಗುರಿ. ಗೆದ್ದವರಿಗೆ ಯೂರೋವಿಷನ್‌ಗೆ ಹೋಗುವ ಮೊದಲ ಹಕ್ಕು ಇರುತ್ತದೆ, ಬೇಡ ಅನ್ನಲೂಬಹುದು. 2016ರಲ್ಲಿ ಗೆದ್ದ ಸ್ತಾದಿಯೊ ತಂಡ ಬೇಡ ಅಂದಿತು. 2025ರಲ್ಲಿ ಗೆದ್ದ ಓಲಿ ಕೂಡ ಬೇಡ ಅಂದರು. ಅವರ ಬದಲು ಹೋದ ಲೂಚೊ ಕೋರ್ಸಿ ಐದನೆಯವರಾದರು. ಹಬ್ಬದ ಮಟ್ಟ ಹೇಗಿದೆ ನೋಡಿ, ಎರಡನೆಯವರನ್ನು ಕಳಿಸಿದರೂ ಐದನೇ ಸ್ಥಾನ!

ಇಲ್ಲಿ ಒಂದು ತೊಡಕಿದೆ. ಸಾನ್‌ರೆಮೊ ಹಾಡುಗಳಿಗೆ ಯೂರೋವಿಷನ್ನಿನ ಅಳತೆ ಇರುವುದಿಲ್ಲ. 2021ರಲ್ಲಿ ಮೊನೆಸ್ಕಿನ್ ತಂಡ ಎರಡೂ ಕಡೆ ಗೆದ್ದಿತು. ಆದರೆ ರೋಟರ್‌ಡಾಮ್‌ಗೆ ಹೋಗುವ ಮೊದಲು ಹಾಡನ್ನು 3 ನಿಮಿಷಕ್ಕೆ ಇಳಿಸಬೇಕಾಯಿತು, ಅದರಲ್ಲಿದ್ದ ಬೈಗುಳವನ್ನೂ ತೆಗೆಯಬೇಕಾಯಿತು. ಅಲ್ಬೇನಿಯಾದ ಫೆಸ್ಟಿವಾಲಿ ಈ ಕೆಂಗಸ್ ಕೂಡ ಇದೇ ಬಗೆಯ ಹಳೆಯ ಹಬ್ಬ, 1962ರಿಂದ ನಡೆಯುತ್ತಿದೆ. ಅದು ಡಿಸೆಂಬರಿನಲ್ಲೇ ಮುಗಿಯುವುದರಿಂದ ಹಾಡನ್ನು ತಿದ್ದಲು ಚಳಿಗಾಲ ಪೂರ್ತಿ ಸಿಗುತ್ತದೆ. ಎಷ್ಟೋ ಸಲ ಅಲ್ಬೇನಿಯನ್ ಭಾಷೆಯಲ್ಲಿ ಗೆದ್ದ ಹಾಡು ಇಂಗ್ಲಿಷಿಗೆ ತಿರುಗಿ ಮೇ ತಿಂಗಳಲ್ಲಿ ಕಾಣಿಸಿಕೊಂಡಿದೆ. ನನಗೆ ಮೂಲವೇ ಹೆಚ್ಚು ಇಷ್ಟವಾಗುತ್ತದೆ.

ಪೋರ್ಚುಗಲ್‌ನದ್ದು ಬೇರೆ ಪಾಠ. 1964ರಿಂದ ಸ್ಪರ್ಧಿಸುತ್ತಿದ್ದ ದೇಶ ಒಮ್ಮೆಯೂ ಗೆದ್ದಿರಲಿಲ್ಲ. 2016ರಲ್ಲಿ ಒಂದು ವರ್ಷ ಬಿಡುವು ತೆಗೆದುಕೊಂಡಿತು. 2017ರಲ್ಲಿ ಅವರ ಟಿವಿ ಸಂಸ್ಥೆ ಆರ್‌ಟಿಪಿ ತನ್ನ ಹಳೆಯ ಹಾಡಿನ ಹಬ್ಬಕ್ಕೆ ಒಳ್ಳೆಯ ಹಾಡು ಬರೆಯುವವರನ್ನೇ ಕರೆದು, ಹಾಡು ಕೊಡಿ, ಹಾಡುವವರನ್ನೂ ನೀವೇ ಹುಡುಕಿ ಅಂದಿತು. ಲೂಯಿಜಾ ಸೊಬ್ರಾಲ್ ಒಂದು ಮೆಲುದನಿಯ ಹಾಡು ಬರೆದು ತಮ್ಮನಾದ ಸಾಲ್ವಡೋರ್ ಕೈಗೆ ಕೊಟ್ಟರು. ಕೀವ್‌ನಲ್ಲಿ ಅದು 758 ಅಂಕ ಪಡೆದು ಗೆದ್ದಿತು. ಹಬ್ಬ ಹಳೆಯದೇ, ಬಾಗಿಲಲ್ಲಿ ಯಾರನ್ನು ಕರೆಯುತ್ತೀರಿ ಅನ್ನುವುದು ಬದಲಾಗಿತ್ತು. ನನಗೆ ತೀರಾ ಹಿಡಿಸಿದ ಗೆಲುವು ಇದು.

ಇಷ್ಟು ದೊಡ್ಡ ಹಬ್ಬ ಮಾಡಲು ದುಡ್ಡಿಲ್ಲದಿದ್ದರೆ? ಐರ್ಲೆಂಡ್ 2025ರವರೆಗೆ ತನ್ನ ಶುಕ್ರವಾರದ ಟಾಕ್ ಶೋ ಲೇಟ್ ಲೇಟ್ ಶೋದಲ್ಲೇ ಒಂದು ರಾತ್ರಿ ಆಯ್ಕೆ ಮುಗಿಸುತ್ತಿತ್ತು. ಖರ್ಚು ಕಡಿಮೆ. ಆದರೆ ಟಾಕ್ ಶೋ ಸ್ಟುಡಿಯೋದ ಪುಟ್ಟ ವೇದಿಕೆ ನೋಡಿ ದೊಡ್ಡ ಅರೆನಾದಲ್ಲಿ ಹಾಡು ಹೇಗೆ ಕಾಣುತ್ತದೆ ಅಂತ ಊಹಿಸುವುದು ಕಷ್ಟ. ಬ್ಯಾಂಬಿ ಥಗ್ 2024ರಲ್ಲಿ ಅಲ್ಲಿಂದಲೇ ಹೋಗಿ ಆರನೆಯವರಾದರು ನಿಜ. ಆದರೆ ಅವರು ತಲೆಯಲ್ಲೇ ಇಡೀ ನಾಟಕವನ್ನು ಕಟ್ಟಿಕೊಂಡಿದ್ದ ಕಲಾವಿದರು. ಎಲ್ಲರೂ ಹಾಗಿರುವುದಿಲ್ಲ.

ಮುಚ್ಚಿದ ಕೋಣೆಯ ಆಯ್ಕೆ

ಸಂಸ್ಥೆಯೊಳಗಿನ ಕೆಲವರು ಕೂತು, ಹಾಡುಗಳನ್ನು ಕೇಳಿ, ಒಬ್ಬರನ್ನು ಆರಿಸಿ ಹೆಸರು ಹೇಳುವುದು. ಇದಕ್ಕೆ ಖರ್ಚು ಕಡಿಮೆ, ಸಮಯ ಜಾಸ್ತಿ ಸಿಗುತ್ತದೆ. ಇನ್ನೂ ಒಂದು ಲಾಭವಿದೆ. ಈಗಾಗಲೇ ಹೆಸರು ಮಾಡಿದ ಗಾಯಕರು ಮನೆಯ ಸ್ಪರ್ಧೆಯಲ್ಲಿ ಎಲ್ಲರೆದುರು ಸೋಲುವ ಅಪಾಯಕ್ಕೆ ಒಪ್ಪುವುದಿಲ್ಲ. ನೇರವಾಗಿ ಕರೆದರೆ ಬಂದಾರು.

ನೆದರ್‌ಲೆಂಡ್ಸ್ ಇದಕ್ಕೆ ಒಳ್ಳೆಯ ಸಾಕ್ಷಿ. 2005ರಿಂದ 2012ರವರೆಗೆ ಎಂಟು ವರ್ಷ ಅದು ಫೈನಲ್ ನೋಡಲಿಲ್ಲ. 2013ರಲ್ಲಿ ಆಗಲೇ ದೊಡ್ಡ ಹೆಸರಾಗಿದ್ದ ಅನೂಕ್ ಅವರನ್ನು ನೇರವಾಗಿ ಕಳಿಸಿತು. ಒಂಬತ್ತನೇ ಸ್ಥಾನ ಬಂತು. ಮರುವರ್ಷ ಕಾಮನ್ ಲಿನೆಟ್ಸ್ ಜೋಡಿಗೆ ಎರಡನೇ ಸ್ಥಾನ. 2019ರಲ್ಲಿ ಡಂಕನ್ ಲಾರೆನ್ಸ್ ಗೆದ್ದೇಬಿಟ್ಟರು, 44 ವರ್ಷದ ನಂತರ. ಅನೂಕ್ ಹೋದದ್ದರಿಂದ ಆ ದೇಶದ ಬೇರೆ ಗಾಯಕರಿಗೂ ‘ಇದು ನಮ್ಮಂಥವರು ಹೋಗಬಹುದಾದ ಜಾಗ’ ಅನ್ನುವ ಧೈರ್ಯ ಬಂತು ಅಂತ ನನ್ನ ನಂಬಿಕೆ.

ಈಗ ಬ್ರಿಟನ್ ನೋಡಿ. 2021ರಲ್ಲಿ ಬಿಬಿಸಿ ಒಳಗೇ ಆರಿಸಿ ಕಳಿಸಿದ ಜೇಮ್ಸ್ ನ್ಯೂಮನ್‌ಗೆ ಜ್ಯೂರಿಯಿಂದಲೂ ಸೊನ್ನೆ, ಜನರಿಂದಲೂ ಸೊನ್ನೆ. 2022ರಲ್ಲಿ ಮತ್ತೆ ಒಳಗೇ ಆರಿಸಿ ಕಳಿಸಿದ ಸ್ಯಾಮ್ ರೈಡರ್‌ಗೆ 466 ಅಂಕ, ಎರಡನೇ ಸ್ಥಾನ. ಎರಡು ವರ್ಷವೂ ಆರಿಸಿದ್ದು ಒಳಗೇ. ಆದರೆ ಸ್ಯಾಮ್ ರೈಡರ್ ಟಿಕ್‌ಟಾಕ್‌ನಲ್ಲಿ ಹಾಡಿ ಹಾಡಿ ಲಕ್ಷಾಂತರ ಹೊರಗಿನ ಕಿವಿಗಳನ್ನು ಆಗಲೇ ತಲುಪಿದ್ದರು. ಎಷ್ಟೇ ಎತ್ತರದ ಸ್ವರವಾದರೂ ಎದೆ ತುಂಬಿ ಹಾಡಬಲ್ಲರು ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಕೋಣೆ ಮುಚ್ಚಿದ್ದರೂ ಗಾಯಕರ ಪರೀಕ್ಷೆ ಹೊರಗೆ ನಡೆದುಹೋಗಿತ್ತು. 2024 ಮತ್ತು 2025ರಲ್ಲಿ ಅದೇ ಬ್ರಿಟನ್‌ಗೆ ಜನರ ವೋಟಿನಲ್ಲಿ ಮತ್ತೆ ಸೊನ್ನೆ. ಸ್ಯಾಮ್ ರೈಡರ್ ಅಂಥವರು ಪ್ರತಿ ವರ್ಷ ಸಿಗುವುದಿಲ್ಲ.

ಮುಚ್ಚಿದ ಕೋಣೆಯ ದೊಡ್ಡ ಕೊರತೆ ಅಂದರೆ ಮನೆಯವರ ಒಪ್ಪಿಗೆ. ಜರ್ಮನಿಯಲ್ಲಿ 2016ರ ಸ್ಪರ್ಧೆಗೆ ಒಬ್ಬ ಪ್ರಸಿದ್ಧ ಗಾಯಕರ ಹೆಸರನ್ನು ಯಾರನ್ನೂ ಕೇಳದೆ ಘೋಷಿಸಿದರು. ಜನ ಸಿಟ್ಟಿಗೆದ್ದರು. ಎರಡೇ ದಿನದಲ್ಲಿ ಹೆಸರು ವಾಪಸ್ ಪಡೆಯಬೇಕಾಯಿತು. ಆತುರದಲ್ಲಿ ಮತ್ತೆ ಜನರ ಫೈನಲ್ ಏರ್ಪಡಿಸಿದರು. ಅಲ್ಲಿ ಗೆದ್ದ ಹಾಡು ಯೂರೋವಿಷನ್ ಫೈನಲ್‌ನಲ್ಲಿ ಕೊನೆಯದಾಯಿತು. ಈ ದಾರಿ ಹಿಡಿಯುವವರು ಹೆಸರು ಹೇಳುವ ಮೊದಲು, ಈ ಹೆಸರು ಕೇಳಿದರೆ ನಮ್ಮ ಜನ ಏನನ್ನುತ್ತಾರೆ ಅಂತ ಹತ್ತು ಜನರನ್ನಾದರೂ ಕೇಳಲೇಬೇಕು.

ರಿಯಾಲಿಟಿ ಶೋ ಮೂಲಕ, ಅಥವಾ ಹಾಡು ಮೊದಲು ಇಟ್ಟುಕೊಂಡು

ಜರ್ಮನಿಯೇ 2010ರಲ್ಲಿ ಬೇರೆ ದಾರಿ ಹಿಡಿದು ಗೆದ್ದಿತ್ತು. ಎನ್‌ಡಿಆರ್ ಸಂಸ್ಥೆ ಖಾಸಗಿ ಚಾನೆಲ್ ಪ್ರೊಜೀಬನ್ ಜೊತೆ ಸೇರಿ, ಟಿವಿ ನಿರೂಪಕ ಷ್ಟೆಫಾನ್ ರಾಬ್ ಮುಂದಾಳತ್ವದಲ್ಲಿ ಹೊಸ ಗಾಯಕರ ಹುಡುಕಾಟ ನಡೆಸಿತು. 18ರ ಹುಡುಗಿ ಲೇನಾ ಅಲ್ಲಿ ಕಾಣಿಸಿಕೊಂಡಳು. ಅವಳಿಗೆ ಯಾವ ಹಾಡು ಒಪ್ಪುತ್ತದೆ ಅನ್ನುವುದನ್ನೂ ಜನರೇ ಆರಿಸಿದರು. ಓಸ್ಲೋದಲ್ಲಿ 246 ಅಂಕ ಬಂತು. ಜರ್ಮನಿಗೆ 1982ರ ನಂತರದ ಗೆಲುವು.

ಇದನ್ನೇ ಸ್ಪೇನ್‌ನ 2018ರ ಅನುಭವದ ಪಕ್ಕ ಇಟ್ಟು ನೋಡಬೇಕು. ಒಪೆರಾಸಿಯೊನ್ ತ್ರಿಯುಂಫೊ ಶೋನಲ್ಲಿ ಅಮಾಯಾ ಮತ್ತು ಆಲ್ಫ್ರೆಡ್ ನಡುವೆ ಅರಳಿದ ಪ್ರೀತಿಯನ್ನು ದೇಶ ತಿಂಗಳುಗಟ್ಟಲೆ ನೋಡಿತ್ತು. ಅವರು ಕೈ ಹಿಡಿದು ಹಾಡಿದರೆ ಸ್ಪೇನಿನವರ ಕಣ್ಣು ತುಂಬುತ್ತಿತ್ತು. ಲಿಸ್ಬನ್‌ನಲ್ಲಿ ಅವರಿಗೆ 26ರಲ್ಲಿ 23ನೇ ಸ್ಥಾನ. ತಿಂಗಳುಗಟ್ಟಲೆ ನೋಡಿದ ಆ ಕಥೆಯನ್ನು ಪರದೇಶದವರು ನೋಡಿರಲಿಲ್ಲ, ಅಷ್ಟೇ. ಅವರಿಗೆ ಸಿಕ್ಕಿದ್ದು ಮೂರು ನಿಮಿಷದ ಒಂದು ಮೆಲುಹಾಡು. ರಿಯಾಲಿಟಿ ಶೋ ಹಿಡಿಯುವುದಾದರೆ ಕಥೆಯ ಮೋಹವನ್ನು ಬದಿಗಿಟ್ಟು ಹಾಡನ್ನು ಮಾತ್ರ ತೂಗುವ ಒಂದು ಹಂತ ಇರಲೇಬೇಕು.

ಹಾಡನ್ನು ಮೊದಲೇ ನಿಗದಿ ಮಾಡಿ ಹಾಡುವವರನ್ನು ಹುಡುಕುವುದೂ ಇದೆ. 2009ರಲ್ಲಿ ಬ್ರಿಟನ್ ಹಾಗೆ ಮಾಡಿತು. ಆಂಡ್ರೂ ಲಾಯ್ಡ್ ವೆಬರ್ ಮತ್ತು ಡಯಾನ್ ವಾರನ್ ಬರೆದ ಹಾಡಿಗೆ ಟಿವಿ ಶೋದಲ್ಲಿ ಜೇಡ್ ಯುವೆನ್ ಸಿಕ್ಕಿದರು. ಮಾಸ್ಕೋದಲ್ಲಿ ಐದನೇ ಸ್ಥಾನ. ಮರುವರ್ಷ ಅದೇ ಪದ್ಧತಿ, ಹಾಡು ಮಾತ್ರ ಬೇರೆ. ಕಟ್ಟಕಡೆಯ ಸ್ಥಾನ, 10 ಅಂಕ. ನೆದರ್‌ಲೆಂಡ್ಸ್ ಕೂಡ 2010ರಲ್ಲಿ ಒಂದೇ ಹಾಡನ್ನು ಐವರಿಂದ ಹಾಡಿಸಿ ಆರಿಸಿತು, ಫೈನಲ್ ತಲುಪಲಿಲ್ಲ. ಹಾಡು ಒಂದೇ ಇರುವಾಗ ಅದು ಸೋತರೆ ಯಾವ ಗಾಯಕರೂ ಉಳಿಸಲಾರರು. ನಾನಂತೂ ಈ ದಾರಿಯನ್ನು ಯಾರಿಗೂ ಹೇಳುವುದಿಲ್ಲ.

ನಡುವಿನ ದಾರಿ

ಸ್ವಿಟ್ಜರ್ಲೆಂಡ್ 2015ರಿಂದ 2018ರವರೆಗೆ ಸತತ ನಾಲ್ಕು ವರ್ಷ ಸೆಮಿಫೈನಲ್‌ನಲ್ಲೇ ಉಳಿದಿತ್ತು. ಆಗೆಲ್ಲ ಟಿವಿಯಲ್ಲಿ ಫೈನಲ್ ನಡೆಸಿ ಆರಿಸುತ್ತಿದ್ದರು. 2019ಕ್ಕೆ ಅದನ್ನು ಕೈಬಿಟ್ಟರು. ಬದಲಿಗೆ 100 ಜನ ಸ್ವಿಸ್ ವೀಕ್ಷಕರ ಒಂದು ಗುಂಪು, ಬೇರೆ ಬೇರೆ ದೇಶಗಳ 20 ಜನ ಸಂಗೀತ ಬಲ್ಲವರ ಇನ್ನೊಂದು ಗುಂಪು. ಇಬ್ಬರೂ ಬೇರೆ ಬೇರೆ ಕೂತು ಹಾಡುಗಳನ್ನು ಕೇಳಿ ಅಂಕ ಕೊಟ್ಟರು. ಟಿವಿಯಲ್ಲಿ ಸದ್ದಿಲ್ಲ, ಗದ್ದಲವಿಲ್ಲ.

ಮೊದಲ ವರ್ಷವೇ ಲೂಕಾ ಹೆನ್ನಿ ನಾಲ್ಕನೆಯವರಾದರು. 2021ರಲ್ಲಿ ಜೋನ್ಸ್ ಟಿಯರ್ಸ್ ಮೂರನೆಯವರು. 2024ರಲ್ಲಿ ಮಾಲ್ಮೊದಲ್ಲಿ ನೇಮೋ 591 ಅಂಕದೊಂದಿಗೆ ಗೆದ್ದರು, 1988ರ ನಂತರ ಆ ದೇಶಕ್ಕೆ ಮೊದಲ ಗೆಲುವು. ಅವರು ಅದಕ್ಕೆ ಬೆಟ್ಟ ಅಗೆಯಲಿಲ್ಲ. ಹಾಡು ಹೊರಡುವ ಮೊದಲೇ ಹೊರಗಿನ ಕಿವಿಗೆ ಕೇಳಿಸಿದರು. ಮನೆಯ ನೂರು ಜನರೂ ಅದರಲ್ಲಿದ್ದರು.

ಫಿನ್‌ಲೆಂಡ್ ಇನ್ನೊಂದು ತುದಿಯಿಂದ ನಡುವಿಗೆ ಬಂದಿದೆ. ಅಲ್ಲಿನ ಯುಎಂಕೆ ಸ್ಪರ್ಧೆ ಒಂದೇ ರಾತ್ರಿಯದು. ಹಾಡುಗಳೂ ಕಡಿಮೆ, ಬೆರಳೆಣಿಕೆಯಷ್ಟು. ಆದರೆ ಪ್ರತಿ ಹಾಡಿಗೂ ಯೂರೋವಿಷನ್ ಮಟ್ಟದ ವೇದಿಕೆ ಕಟ್ಟಿಕೊಡುತ್ತಾರೆ. ಶೇಕಡ 75 ಜನರ ವೋಟು, ಶೇಕಡ 25 ಹೊರದೇಶಗಳ ಜ್ಯೂರಿ. 2023ರಲ್ಲಿ ಅಲ್ಲಿಂದ ಹೊರಟ ಕ್ಯಾರಿಯಾ ಫಿನ್ನಿಷ್‌ನಲ್ಲೇ ಹಾಡಿ ಯುರೋಪಿನ ಜನರಿಂದ 376 ಅಂಕ ಪಡೆದರು, ಒಟ್ಟಾರೆ ಎರಡನೆಯವರಾದರು. ಆರು ವಾರದ ಹಬ್ಬ ಮಾಡಲು ಆಗದ, ಆದರೆ ಜನರನ್ನು ಬಿಡಲೂ ಮನಸ್ಸಿಲ್ಲದ ದೇಶಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

ಯಾರ ಮಾತಿಗೆ ಎಷ್ಟು ತೂಕ?

ಜನರ ಮುಂದೆ ಸ್ಪರ್ಧೆ ನಡೆಸಲು ಹೊರಟರೆ ಬಹಳ ಜನ ಅವಸರದಲ್ಲಿ ತೀರ್ಮಾನಿಸುವುದು ಇದನ್ನೇ. ಸ್ಪೇನ್ 2022ರಲ್ಲಿ ಬೆನಿಡೋರ್ಮ್ ಫೆಸ್ಟ್ ಅನ್ನುವ ಆಯ್ಕೆ ಸ್ಪರ್ಧೆ ಶುರುಮಾಡಿತು. ಫೋನಿನಲ್ಲಿ ಜನ ಹಾಕುವ ವೋಟಿಗೆ ಕಾಲು ಭಾಗ, ಆರಿಸಿದ ಜನರ ಸಮೀಕ್ಷೆಗೆ ಕಾಲು ಭಾಗ, ಜ್ಯೂರಿಗೆ ಅರ್ಧ. ಗಲಿಸಿಯಾದ ತಾನ್‌ಶುಗೈರಸ್ ಅನ್ನುವ ಮೂವರು ಹುಡುಗಿಯರಿಗೆ ಫೋನ್ ವೋಟಿನ ಶೇಕಡ 70ಕ್ಕೂ ಹೆಚ್ಚು ಬಿತ್ತು. ಆದರೂ ಗೆದ್ದದ್ದು ಶಾನೆಲ್. ಅವರಿಗೆ ಬಿದ್ದ ಫೋನ್ ವೋಟು ಶೇಕಡ 4ನ್ನೂ ಮುಟ್ಟಿರಲಿಲ್ಲ. ವಿಷಯ ಸಂಸತ್ತಿನವರೆಗೂ ಹೋಯಿತು. ಶಾನೆಲ್ ಮೇಲೆ ಬಿದ್ದ ಬೈಗುಳ ನೆನೆದರೆ ಈಗಲೂ ಬೇಸರವಾಗುತ್ತದೆ. ನಿಯಮ ಮಾಡಿದವರು ಅವರಲ್ಲ. ಟ್ಯುರಿನ್‌ನಲ್ಲಿ ಶಾನೆಲ್ 459 ಅಂಕ ತೆಗೆದು ಮೂರನೆಯವರಾದಾಗ ಅದೇ ದೇಶ ಅವರನ್ನು ಹೊತ್ತು ಮೆರೆಸಿತು.

ಫಲಿತಾಂಶ ನೋಡಿದರೆ ಜ್ಯೂರಿ ಸರಿ. ಆದರೆ ಜನ ಅಷ್ಟು ದೊಡ್ಡ ದನಿಯಲ್ಲಿ ಒಬ್ಬರ ಹೆಸರು ಹೇಳಿದ ಮೇಲೂ ಅದು ಲೆಕ್ಕಕ್ಕೆ ಬರಲಿಲ್ಲ ಅಂದರೆ ಅವರನ್ನು ಕರೆದದ್ದಾದರೂ ಏಕೆ? ಜನರ ಫೋನಿಗೆ ಕಾಲು ಭಾಗಕ್ಕಿಂತ ಜಾಸ್ತಿ ಕೊಡಲು ಮನಸ್ಸಿಲ್ಲದಿದ್ದರೆ ಅವರ ಕೈಗೆ ಫೋನು ಕೊಡಲೇಬಾರದು. ಸ್ವಿಸ್ಸರ ಹಾಗೆ ಕೋಣೆಯೊಳಗೇ ಮುಗಿಸುವುದು ಎಷ್ಟೋ ಮೇಲು. ಕರೆದರೆ ಕನಿಷ್ಠ ಅರ್ಧ ಕೊಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನಿಮಗೆ ಯಾವುದು?

ಹಾಡು ಬರೆಯುವವರು ತುಂಬಾ ಇದ್ದಾರೆ, ಟಿವಿ ಸಂಸ್ಥೆಗೆ ದುಡ್ಡಿದೆ, ಜನ ಚಳಿಗಾಲದ ಶನಿವಾರಗಳನ್ನು ಕೊಡಲು ಸಿದ್ಧ ಇದ್ದಾರೆ ಅಂದರೆ ಸ್ವೀಡನ್ ದಾರಿ. ಆದರೆ ಒಂದು ವರ್ಷ ಮಾಡಿ ನೋಡೋಣ ಅನ್ನುವವರಿಗೆ ಇದು ಅಲ್ಲ. ಫಲ ಬರಲು ವರ್ಷಗಳು ಬೇಕು. ನಿಮ್ಮಲ್ಲಿ ಆಗಲೇ ಸಾನ್‌ರೆಮೊ ತರಹದ ಹಳೆಯ ಹಬ್ಬವಿದ್ದರೆ ಅದನ್ನು ಯೂರೋವಿಷನ್‌ಗೋಸ್ಕರ ಬದಲಾಯಿಸಲು ಹೋಗಬೇಡಿ. ಹಬ್ಬ ಹಬ್ಬವಾಗಿಯೇ ಇರಲಿ, ಗೆದ್ದವರನ್ನು ಕಳಿಸಿ.

ದುಡ್ಡು ಅಷ್ಟಕ್ಕಷ್ಟೆ, ಆದರೆ ಒಂದು ರಾತ್ರಿಯ ಕಾರ್ಯಕ್ರಮ ಮಾಡಬಹುದು ಅಂದರೆ ಫಿನ್‌ಲೆಂಡ್ ದಾರಿ. ಇಪ್ಪತ್ತು ಹಾಡುಗಳ ಸಾಧಾರಣ ವೇದಿಕೆಗಿಂತ ಏಳು ಹಾಡುಗಳ ಒಳ್ಳೆಯ ವೇದಿಕೆ ಮೇಲು. ಅದಕ್ಕೂ ದುಡ್ಡಿಲ್ಲದ ಚಿಕ್ಕ ದೇಶಕ್ಕೆ ಸ್ವಿಸ್ ದಾರಿ. ಬರೀ ಮುಚ್ಚಿದ ಕೋಣೆಯನ್ನು ನಾನು ಹೇಳುವುದು ಒಂದೇ ಸಂದರ್ಭದಲ್ಲಿ. ಗಾಯಕರು ಆಗಲೇ ದೊಡ್ಡ ಸಭೆಗಳಲ್ಲಿ ಹಾಡಿ ಗೆದ್ದಿರಬೇಕು, ಅವರ ಕೈಯಲ್ಲಿ ಹಾಡೂ ಸಿದ್ಧ ಇರಬೇಕು. 2024ರಲ್ಲಿ ಫ್ರಾನ್ಸ್ ಸ್ಲಿಮಾನ್ ಅವರನ್ನು ಕಳಿಸಿದ್ದು ಹಾಗೆ. ನಾಲ್ಕನೇ ಸ್ಥಾನ ಬಂತು.

ಫ್ರಾನ್ಸ್ ಹೆಸರು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. 2021ರಲ್ಲಿ ಟಿವಿ ಸ್ಪರ್ಧೆಯಿಂದ ಆರಿಸಿದ ಬಾರ್ಬರಾ ಪ್ರಾವಿ 499 ಅಂಕದೊಂದಿಗೆ ಎರಡನೆಯವರಾದರು. ಮರುವರ್ಷ ಅದೇ ಸ್ಪರ್ಧೆಯಿಂದ ಹೋದವರಿಗೆ 24ನೇ ಸ್ಥಾನ. ಕೂಡಲೇ ಸ್ಪರ್ಧೆಯನ್ನೇ ಕೈಬಿಟ್ಟರು. ಒಂದು ಸೋಲಿಗೆ ಪದ್ಧತಿಯನ್ನೇ ಎಸೆದರೆ ಗಾಯಕರಿಗೆ ಮುಂದಿನ ವರ್ಷ ಯಾವ ಬಾಗಿಲು ತಟ್ಟಬೇಕು ಅನ್ನುವುದೇ ತಿಳಿಯುವುದಿಲ್ಲ. ಯಾವುದನ್ನೇ ಹಿಡಿದರೂ ಮೂರು ನಾಲ್ಕು ವರ್ಷ ಬಿಡದೆ ನಡೆಸಿ.

ಹೆಸರು ಹೇಳುವ ಮೊದಲು ಕಾಗದ ಓದಿ

ಎಲ್ಲ ಪದ್ಧತಿಗೂ ಅನ್ವಯಿಸುವ ಕೆಲಸ ಒಂದಿದೆ. ಗೆದ್ದವರು ಹೋಗಲೇಬೇಕಾ, ಹೋಗದಿದ್ದರೆ ಯಾರು, ಒಪ್ಪಂದದಲ್ಲಿ ಏನಿದೆ ಅನ್ನುವುದು ಸ್ಪರ್ಧೆಗೆ ಮೊದಲೇ ಎಲ್ಲರಿಗೂ ಗೊತ್ತಿರಬೇಕು. 2015ರಲ್ಲಿ ಜರ್ಮನಿಯ ಫೈನಲ್ ಗೆದ್ದ ಆಂಡ್ರೆಯಾಸ್ ಕ್ಯುಮರ್ಟ್ ಅದೇ ವೇದಿಕೆಯ ಮೇಲೆ, ನೇರ ಪ್ರಸಾರದಲ್ಲೇ, ನಾನು ಹೋಗುವುದಿಲ್ಲ ಅಂದರು. ಎರಡನೆಯವರಾದ ಆನ್ ಸೋಫಿ ಹೋದರು, ಸೊನ್ನೆ ಅಂಕದೊಂದಿಗೆ ಮರಳಿದರು. ಅಂಥ ಗೊಂದಲದಲ್ಲಿ ಹೊರಟವರಿಂದ ಏನು ತಾನೇ ಬಯಸುವುದು?

ಉಕ್ರೇನ್‌ನಲ್ಲಿ 2019ರಲ್ಲಿ ಇನ್ನೂ ಕೆಟ್ಟದ್ದಾಯಿತು. ಆಯ್ಕೆಯ ಸ್ಪರ್ಧೆ ವಿದ್‌ಬೀರ್ ಗೆದ್ದ ಮಾರೂವ್ ಅವರಿಗೂ ಟಿವಿ ಸಂಸ್ಥೆಗೂ ಒಪ್ಪಂದದ ಷರತ್ತುಗಳ ಮೇಲೆ ಜಗಳವಾಯಿತು. ಎರಡನೆಯವರು, ಮೂರನೆಯವರು ಕೂಡ ಹೋಗಲು ಒಪ್ಪಲಿಲ್ಲ. ಉಕ್ರೇನ್ ಆ ವರ್ಷ ಸ್ಪರ್ಧೆಯಿಂದಲೇ ಹಿಂದೆ ಸರಿಯಿತು.

ಮೂರು ವರ್ಷದ ನಂತರ ಅದೇ ವಿದ್‌ಬೀರ್‌ನಲ್ಲಿ ಮತ್ತೆ ವಿವಾದ. 2022ರ ಫೆಬ್ರವರಿಯಲ್ಲಿ ಗೆದ್ದ ಗಾಯಕಿ ರಷ್ಯಾ ವಶಪಡಿಸಿಕೊಂಡಿದ್ದ ಕ್ರೈಮಿಯಾಕ್ಕೆ ಹಿಂದೆ ಹೋಗಿಬಂದ ವಿಷಯದ ಮೇಲೆ ಗದ್ದಲವೆದ್ದು, ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ಈ ಸಲ ಎರಡನೆಯವರು ಒಪ್ಪಿದರು. ಕಾಲುಶ್ ಆರ್ಕೆಸ್ಟ್ರಾ ಅನ್ನುವ ಆ ತಂಡದ ಹೆಸರು ಖಚಿತವಾದದ್ದು ಫೆಬ್ರವರಿ 22ಕ್ಕೆ. ಎರಡು ದಿನ ಕಳೆದು ದೇಶದ ಮೇಲೆ ಯುದ್ಧ ಬಿತ್ತು. ಮೇ 14ರ ರಾತ್ರಿ ಟ್ಯುರಿನ್‌ನಲ್ಲಿ ಅವರು ಅಮ್ಮನ ಮೇಲಿನ ತಮ್ಮ ಹಾಡು ಹಾಡಿದರು. ಜನರ ವೋಟಿನಿಂದಲೇ 439 ಅಂಕ, ಒಟ್ಟು 631. ಎರಡನೆಯವರಾಗಿ ಹೊರಟವರು ಗೆದ್ದು ಊರಿಗೆ ಮರಳಿದರು.